ನಿಮಗಿದು ಗೊತ್ತೆ? ಸ್ಲೈಡ್‌ನ ಅಕ್ಷರಕ್ಕೂ ಒಂದು ಅಳತೆಯಿದೆ
ಹೂಡಿಕೆದಾರರ ಮುಂದೆ ನವೋದ್ಯಮಿಗಳು ತೋರಿಸುವ ಸ್ಲೈಡ್‌ಗಳಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು? ಆ್ಯಪಲ್‌ನಲ್ಲಿ ಮ್ಯಾಕಿಂತೋಷ್ ಪ್ರಚಾರಕ್ಕೆ ದುಡಿದು, ಮುಂದೆ ಸಿಲಿಕಾನ್ ವ್ಯಾಲಿಯಲ್ಲಿ ಬಂಡವಾಳ ಹೂಡಿಕೆಗೆ ಇಳಿದ ಗೈ ಕವಾಸಾಕಿ 2005ರಲ್ಲಿ ಸೂತ್ರವೊಂದನ್ನು ಕೊಟ್ಟರು: 10 ಸ್ಲೈಡ್, 20 ನಿಮಿಷ, 30 ಪಾಯಿಂಟ್‌ಗಿಂತ ಕಿರಿದಾಗದ ಅಕ್ಷರ. ಮೂರರಲ್ಲಿ ಕೊನೆಯದಕ್ಕೆ ಕಾರಣವಿದೆ. ಅಕ್ಷರ ಚಿಕ್ಕದಾದಷ್ಟೂ ಸ್ಲೈಡ್ ತುಂಬ ವಾಕ್ಯ ತುರುಕುವ ಆಸೆ. ಆಮೇಲೆ ಮಾತಾಡುವವರು ಅದನ್ನೇ ನೋಡಿಕೊಂಡು ಓದತೊಡಗುತ್ತಾರೆ. ಎದುರಿಗಿದ್ದವರು ಅವರಿಗಿಂತ ಮೊದಲೇ ಓದಿ ಮುಗಿಸಿರುತ್ತಾರೆ, ಮಾತು ಕಿವಿಗೆ ಬೀಳುವುದಿಲ್ಲ. 30 ಪಾಯಿಂಟ್ ಏಕೋ ಅತಿಯಾಯಿತು ಎನ್ನುವವರಿಗೆ ಕವಾಸಾಕಿಯವರದೇ ಇನ್ನೊಂದು ಲೆಕ್ಕವಿದೆ: ಸಭೆಯಲ್ಲಿರುವ ಅತಿ ಹಿರಿಯರ ವಯಸ್ಸನ್ನು ಎರಡರಿಂದ ಭಾಗಿಸಿ. ಅವರಿಗೆ 50 ಆಗಿದ್ದರೆ ಅಕ್ಷರ 25 ಪಾಯಿಂಟ್.