ಹೊಟ್ಟೆಯೊಳಗಿನ ಬಿ.ಪಿ.



ಬಿ.ಪಿ. ಅಂದರೆ ನಮಗೆಲ್ಲ ಗೊತ್ತು. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ನೋಡ್ತಾರೆ. ನಮ್ಮ ಹೊಟ್ಟೆಯೊಳಗೂ ಒಂದು ಕಡೆ ರಕ್ತದ ಒತ್ತಡ ಏರಬಹುದು. ತೋಳಿನ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಅದರ ಬಗ್ಗೆ ಈಗ ತಿಳಿಯೋಣ.

ಲಿವರ್‌ ಮಾಡುವ ಕೆಲಸ

ಬಲಗಡೆ ಪಕ್ಕೆಲುಬಿನ ಕೆಳಗೆ ಲಿವರ್ ಇದೆ. ಪುಸ್ತಕದಲ್ಲಿ ಇದನ್ನು ಪಿತ್ತಜನಕಾಂಗ ಅಂತಾರೆ. ದೊಡ್ಡವರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋ. ನಾವು ತಿಂದ ಅನ್ನದ ಸಾರ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆ ರಕ್ತ ಒಂದು ದೊಡ್ಡ ನಾಳದಲ್ಲಿ ಲಿವರಿಗೆ ಹೋಗುತ್ತದೆ. ಲಿವರ್ ಅದರಲ್ಲಿನ ವಿಷವನ್ನು ತೆಗೆಯುತ್ತದೆ. ಸಾರವನ್ನು ಕೂಡಿಡುತ್ತದೆ. ಆಮೇಲೆ ರಕ್ತವನ್ನು ಹೃದಯದ ಕಡೆಗೆ ಬಿಡುತ್ತದೆ.

ಒತ್ತಡ ಏರುವುದು ಹೇಗೆ?

ಕಾಲುವೆಯ ನೀರು ಗದ್ದೆಗೆ ಹರಿಯುತ್ತದೆ. ಗದ್ದೆಯ ಬಾಯಿಗೆ ಮಣ್ಣು ಕಟ್ಟಿಕೊಂಡರೆ ಏನಾಗುತ್ತದೆ? ನೀರು ಕಾಲುವೆಯಲ್ಲೇ ತುಂಬುತ್ತದೆ. ಪಕ್ಕದ ಸಣ್ಣ ಸಣ್ಣ ದಾರಿಗೆ ನುಗ್ಗುತ್ತದೆ. ಕೊನೆಗೆ ಬದು ಒಡೆಯುತ್ತದೆ.

ಇಲ್ಲೂ ಹಾಗೆಯೇ. ಲಿವರ್ ಬಹಳ ದಿನ ಪೆಟ್ಟು ತಿಂದರೆ ಹಳೇ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಇದಕ್ಕೆ ಸಿರೋಸಿಸ್ ಅಂತಾರೆ. ಆಗ ರಕ್ತ ಸಲೀಸಾಗಿ ಒಳಗೆ ಹೋಗಲಾರದು. ಹಿಂದೆ ನಿಂತು ಒತ್ತುತ್ತದೆ. ಅನ್ನನಾಳದ ತೆಳುವಾದ ನಾಳಗಳಿಗೆ ನುಗ್ಗುತ್ತದೆ. ಅವು ಊದಿಕೊಂಡು ಒಂದು ದಿನ ಒಡೆಯಬಹುದು.

ಯಾರಿಗೆ ಬರುತ್ತದೆ?

ಹೆಂಡ, ಬ್ರಾಂದಿ, ವಿಸ್ಕಿ ಕುಡಿಯುವವರಿಗೆ ಬರುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಬಾಟಲಿ ಉಳಿಯಿತು. ಲಿವರಿಗೆ ಎರಡೂ ಒಂದೇ.

ಕುಡಿಯದವರಿಗೂ ಬರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಸೋಂಕುಗಳಿಂದ ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರ ಲಿವರಿನಲ್ಲಿ ಕೊಬ್ಬು ತುಂಬಿ ಬರಬಹುದು. ಕೆಲವು ಮಕ್ಕಳಲ್ಲಿ ಲಿವರ್ ಚೆನ್ನಾಗಿಯೇ ಇದ್ದು, ನಾಳ ಮಾತ್ರ ಕಟ್ಟಿಕೊಂಡಿರುತ್ತದೆ. ಆದ್ದರಿಂದ ಈ ಕಾಯಿಲೆ ಬಂದ ಹೆಂಗಸನ್ನು ಕಂಡು "ಇವಳೂ ಕುಡೀತಾಳೆ" ಎಂದು ಆಡಿಕೊಳ್ಳಬಾರದು.

ಗುರುತುಗಳು

ಮೊದಮೊದಲು ಏನೂ ಗೊತ್ತಾಗದು. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಬಹುದು. ಕಾಲು ಬಾಯಬಹುದು. ಎಡಗಡೆ ಗುಲ್ಮ ಊದಬಹುದು. ಕಣ್ಣು ಹಳದಿಯಾಗಬಹುದು. ಕೆಲವರು ಮಂಕಾಗಿ ಏನೇನೋ ಮಾತಾಡ್ತಾರೆ. ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರಕ್ತ ಕಾರಿದರೆ

"ರಕ್ತ ಕಾರಿ ಸಾಯಿ" ಎಂದು ಜಗಳದಲ್ಲಿ ಶಾಪ ಹಾಕುವುದನ್ನು ನಾವೆಲ್ಲ ಕೇಳಿದ್ದೇವೆ. ಹಾಗಾಗಿ ಯಾರಾದರೂ ರಕ್ತ ಕಾರಿದರೆ ಮಾಟ ಅಂತಾರೆ, ಶಾಪ ತಟ್ಟಿತು ಅಂತಾರೆ. ಮಂತ್ರ ಹಾಕಿಸಲು ಓಡ್ತಾರೆ. ಅಷ್ಟರಲ್ಲಿ ಜೀವ ಹೋಗುತ್ತದೆ. ಅದು ಮಾಟವಲ್ಲ, ಒಡೆದ ನಾಳ. ಅದನ್ನು ಕಟ್ಟಲು ಆಗುತ್ತದೆ.

ಕೂಡಲೇ 108ಕ್ಕೆ ಫೋನ್ ಮಾಡಬೇಕು. ರೋಗಿಯನ್ನು ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ನೀರು, ಹಾಲು, ಮಜ್ಜಿಗೆ ಏನೂ ಹಾಕಬಾರದು. ದೊಡ್ಡ ಆಸ್ಪತ್ರೆಯಲ್ಲಿ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಊದಿದ ನಾಳಕ್ಕೆ ಸಣ್ಣ ರಬ್ಬರ್ ಉಂಗುರ ಹಾಕ್ತಾರೆ. ರಕ್ತ ನಿಲ್ಲುತ್ತದೆ.

ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋದರೂ ಒಳಗೆ ರಕ್ತ ಸೋರುತ್ತಿರಬಹುದು. ಆಗಲೂ ಕೂಡಲೇ ಹೋಗಬೇಕು. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ. ಅನುಮಾನ ಬಂದರೆ ಡಾಕ್ಟರಿಗೇ ತೋರಿಸೋಣ.

ಮನೆಯಲ್ಲಿ ಏನು ಮಾಡಬೇಕು?

ಈ ಕಾಯಿಲೆ ಇದ್ದವರು ಕುಡಿತ ಪೂರ್ತಿ ಬಿಡಬೇಕು. ದಿನಾ ಕುಡಿಯುತ್ತಿದ್ದವರು ಥಟ್ಟನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಆದ್ದರಿಂದ ಡಾಕ್ಟರ ಸಹಾಯದಿಂದ ಬಿಡಿಸಬೇಕು. ಒತ್ತಡ ಇಳಿಸುವ ಮಾತ್ರೆ ಕೊಟ್ಟಿದ್ದರೆ ನಾವಾಗಿಯೇ ನಿಲ್ಲಿಸಬಾರದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಕಡಿಮೆ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ. ಹಾಗಂತ ಪಥ್ಯ ಮಾಡಿ ಉಪವಾಸ ಕೆಡವಬಾರದು. ಬೇಳೆ, ಕಾಳು, ಅನ್ನ, ಮುದ್ದೆ ಹೊಟ್ಟೆ ತುಂಬ ಕೊಡಬೇಕು. ಅಂಗಡಿಯ ನೋವಿನ ಮಾತ್ರೆ, ಗೊತ್ತಿಲ್ಲದ ಬೇರು, ಪುಡಿ ನುಂಗಬಾರದು.

ಬರದ ಹಾಗೆ ತಡೆಯೋಣ

ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸೋಣ. ಸೂಜಿ ಚುಚ್ಚುವಾಗ ಹೊಸ ಸೂಜಿಯೇ ಎಂದು ಕೇಳೋಣ. ಕೇಳಲು ನಾಚಿಕೆ ಬೇಡ. ಹೆಪಟೈಟಿಸ್ ಬಿ ಮತ್ತು ಸಿ ಸೋಂಕಿಗೆ ಸರ್ಕಾರ 2018ರಲ್ಲಿ ದೇಶದಾದ್ಯಂತ ಒಂದು ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಪರೀಕ್ಷೆ, ಔಷಧಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಎಂದು ಹೇಳ್ತಾರೆ.

ಓದಿದ ಮೇಲೆ ಕೂಡಿ ಮಾತಾಡೋಣ

1. ನಮ್ಮ ಊರಿನಲ್ಲಿ ಯಾರಾದರೂ ರಕ್ತ ಕಾರಿದ್ದರೇ? ಆಗ ಜನ ಏನೆಂದರು?
2. ರಾತ್ರಿ ಹೊತ್ತು ಹೀಗಾದರೆ ನಾವು ಮೊದಲು ಏನು ಮಾಡಬೇಕು?
3. ನಮ್ಮ ಮಕ್ಕಳ ಲಸಿಕೆ ಕಾರ್ಡಿನಲ್ಲಿ ಹೆಪಟೈಟಿಸ್ ಬಿ ಎಂದು ಎಲ್ಲಿ ಬರೆದಿದೆ? ಹುಡುಕಿ ಓದೋಣ.