ಶಾಲಾ ವಾರ್ಷಿಕ ಸಂಚಿಕೆ: ನೆರವು ನೀಡುವ ಮುನ್ನ ಸದಸ್ಯರು ಗಮನಿಸಬೇಕಾದ ಸಂಗತಿಗಳು

ಶಾಲಾ ವಾರ್ಷಿಕೋತ್ಸವ ಸಮೀಪಿಸುತ್ತಿದ್ದಂತೆ ವಾರ್ಷಿಕ ಸಂಚಿಕೆಗೆ ನೆರವು ಕೋರಿ ಗ್ರಾಮ ಪಂಚಾಯತ್‌ಗಳಿಗೆ ಮನವಿಗಳು ಬರುವುದು ವಾಡಿಕೆ. ಎಷ್ಟು ಮೊತ್ತ ನೀಡಬೇಕೆಂದು ನಿರ್ಧರಿಸುವ ಮೊದಲು, ಆ ಪುಸ್ತಕದಲ್ಲಿ ಶಾಲೆಯ ಪ್ರತಿಯೊಂದು ಮಗುವಿನ ಹೆಸರೂ ಮುಖವೂ ಇರುತ್ತದೆಯೇ ಎಂದು ವಿಚಾರಿಸುವುದು ಸೂಕ್ತ. ಹಲವು ಸಂಚಿಕೆಗಳಲ್ಲಿ ಆರಂಭದ ಪುಟಗಳು ಗಣ್ಯರ ಶುಭಸಂದೇಶಗಳಿಗೂ ಕೊನೆಯ ಪುಟಗಳು ಜಾಹೀರಾತುಗಳಿಗೂ ಸಲ್ಲುತ್ತವೆ. ನಡುವೆ ಬಹುಮಾನ ಪಡೆದ ಕೆಲವೇ ಮಕ್ಕಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಉಳಿದ ಮಕ್ಕಳು ಆ ವರ್ಷ ಶಾಲೆಯಲ್ಲಿದ್ದರೆಂಬುದಕ್ಕೆ ದಾಖಲಾತಿ ಪುಸ್ತಕದ ಹೊರಗೆ ಗುರುತೇ ಉಳಿಯುವುದಿಲ್ಲ.

ಗಂಗೊಳ್ಳಿಯಂತಹ ಬಂದರು ಊರಿನಲ್ಲಿ ಈ ಕೆಲಸವನ್ನು ಮಳೆಗಾಲದಲ್ಲಿಯೇ ಆರಂಭಿಸುವುದು ಒಳಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳಲ್ಲಿ ದುಡಿಯುವ ತಂದೆಯಂದಿರು ಊರಿನಲ್ಲಿರುವುದು ಆಗಲೇ. (ನಾಡದೋಣಿಯ ಮನೆಗಳಿಗೆ ಈ ಲೆಕ್ಕ ಹೊಂದದು, ಅವರಿಗೆ ಮಳೆಗಾಲವೇ ದುಡಿಮೆಯ ಕಾಲ.) ಮಕ್ಕಳ ಭಾವಚಿತ್ರ ಪ್ರಕಟಿಸಲು ಪೋಷಕರ ಲಿಖಿತ ಒಪ್ಪಿಗೆ, ಹಿರಿಯರೊಡನೆ ಮಕ್ಕಳು ನಡೆಸುವ ಸಂದರ್ಶನ, ಇವೆರಡನ್ನೂ ಈ ಎರಡು ತಿಂಗಳಲ್ಲಿ ಮುಗಿಸಬಹುದು. ಬರೆಯಲು ವಿಷಯಕ್ಕೆ ಕೊರತೆಯಿಲ್ಲ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಕಡಲು ಸೇರುವ ಅಳಿವೆ, ಬಲೆ ಹೆಣೆಯುವ ಕ್ರಮ, ಮೀನು ಒಣಗಿಸುವ ತಾಯಂದಿರ ದಿನಚರಿ, ಇವು ಪಠ್ಯಪುಸ್ತಕದಲ್ಲಿ ದೊರೆಯುವುದಿಲ್ಲ. ಮಗು ಇದನ್ನು ಕುಂದಗನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಬರೆದರೆ ಹಾಗೆಯೇ ಅಚ್ಚಾಗಲಿ. ತಿದ್ದುವ ಉತ್ಸಾಹದಲ್ಲಿ ಮೊದಲು ಅಳಿಸಿಹೋಗುವುದು ಮೀನಿನ ಮತ್ತು ಬಲೆಯ ಹೆಸರುಗಳೇ.

ಮಕ್ಕಳ ಗ್ರಾಮ ಸಭೆಯ ಕಲಾಪಕ್ಕೂ ಸಂಚಿಕೆಯಲ್ಲಿ ಸ್ಥಾನವಿರಬೇಕು. 1990ರ ದಶಕದಲ್ಲಿಯೇ ಮಕ್ಕಳ ಪಂಚಾಯತ್ ರೂಪುಗೊಂಡ ಪ್ರದೇಶ ಕುಂದಾಪುರ. ಮಕ್ಕಳು ಕೇಳಿದ ಪ್ರಶ್ನೆಯನ್ನೂ ಪಂಚಾಯತ್ ನೀಡಿದ ಉತ್ತರವನ್ನೂ ಎದುರುಬದುರು ಅಚ್ಚು ಹಾಕಿದರೆ, ಮುಂದಿನ ವರ್ಷದ ಸಭೆಯಲ್ಲಿ ಅದೇ ಪುಟವನ್ನು ತೆರೆದು ಕೇಳಲು ಮಕ್ಕಳಿಗೆ ಅವಕಾಶವಾಗುತ್ತದೆ. ಸದಸ್ಯರಿಗೆ ಇದು ಕೊಂಚ ಮುಜುಗರದ ಸಂಗತಿಯಾದರೂ ಆಗಲಿ.

ಪುಟಗಳ ಹಂಚಿಕೆಗೆ ಒಂದು ಮಾದರಿ: ಏಳು ತರಗತಿಗಳ ಶಾಲೆಗೆ ಸಮೂಹ ಚಿತ್ರ ಮತ್ತು ಹೆಸರುಗಳಿಗೆ 14 ಪುಟ, ಮಕ್ಕಳ ಬರಹ ಹಾಗೂ ಚಿತ್ರಗಳಿಗೆ 16, ಊರಿನ ವಿಚಾರಕ್ಕೆ 6, ಮಕ್ಕಳ ಗ್ರಾಮ ಸಭೆಗೆ 2, ಎಲ್ಲ ಸಂದೇಶಗಳೂ ಸೇರಿ 1, ಜಮಾ-ಖರ್ಚಿನ ವಿವರಕ್ಕೆ 1, ಒಟ್ಟು 40. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಇಲ್ಲವಾದರೆ ಖಾಲಿ ಹಾಳೆಗೂ ಹಣ ತೆರಬೇಕಾಗುತ್ತದೆ. ಜಾಹೀರಾತು ರಕ್ಷಾಪುಟದ ಒಳಬದಿಗೆ ಸೀಮಿತವಾಗಿರಲಿ. ರಕ್ಷಾಪುಟದ ಚಿತ್ರವನ್ನು ಶಾಲೆಯ ಮಗುವೇ ಬರೆಯಲಿ.

ಹೆಸರುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ದಾಖಲಾತಿ ಪುಸ್ತಕದಲ್ಲಿರುವಂತೆ, ಸಾಲುವಾರಾಗಿ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದು, ಕರಡಿನಲ್ಲಿ ತನ್ನ ಹೆಸರನ್ನು ಆಯಾ ಮಗುವೇ ಓದಿ ಗುರುತು ಹಾಕುವಂತೆ ಮಾಡಬೇಕು. ಚಿತ್ರ ತೆಗೆದ ದಿನ ಬಾರದ ಮಗುವಿನ ಚಿತ್ರವನ್ನು ನಂತರ ತೆಗೆದು ಪಕ್ಕದಲ್ಲಿ ಸೇರಿಸತಕ್ಕದ್ದು. ‘ಗೈರುಹಾಜರು’ ಎಂದು ನಮೂದಿಸಿ ಕೈತೊಳೆದುಕೊಳ್ಳುವುದು ಸಲ್ಲದು. 18 ಸೆಂ.ಮೀ. ಅಗಲದ ಚಿತ್ರ ಸ್ಪಷ್ಟವಾಗಿ ಅಚ್ಚಾಗಲು ಸುಮಾರು 2,100 ಪಿಕ್ಸೆಲ್ ಅಗಲ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರ ಸಾಮಾನ್ಯವಾಗಿ ಕುಗ್ಗಿರುತ್ತದೆಯಾದ್ದರಿಂದ ಮೂಲ ಕಡತವನ್ನು ಪೆನ್‌ಡ್ರೈವ್‌ನಲ್ಲಿಯೇ ಮುದ್ರಣಾಲಯಕ್ಕೆ ತಲುಪಿಸುವುದು ಲೇಸು. ನುಡಿಯ ಹಳೆಯ ಅಕ್ಷರಶೈಲಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದಾಗ ಒತ್ತಕ್ಷರಗಳು ಕೆಡುವುದುಂಟು. ಪರಿವರ್ತನೆಯ ಬಳಿಕವೇ, ಕಾಗದದ ಮೇಲೆ, ಕೊನೆಯ ಕರಡು ತಿದ್ದಬೇಕು.

ದರಪಟ್ಟಿ ಪಡೆಯುವಾಗ ಪುಟಸಂಖ್ಯೆ, ಪ್ರತಿಗಳ ಸಂಖ್ಯೆ, ಬಣ್ಣದ ಪುಟಗಳೆಷ್ಟು, ಕಾಗದದ ಜಿಎಸ್‌ಎಂ ಎಷ್ಟು ಎಂಬುದನ್ನು ಎಲ್ಲ ಮುದ್ರಣಾಲಯಗಳಿಗೂ ಒಂದೇ ರೀತಿಯಾಗಿ ತಿಳಿಸದಿದ್ದರೆ ದರಗಳ ಹೋಲಿಕೆ ಅರ್ಥಹೀನ. ನೂರಿನ್ನೂರು ಪ್ರತಿಗಳಿಗೆ ಸಾಮಾನ್ಯವಾಗಿ ಡಿಜಿಟಲ್ ಮುದ್ರಣ ಅಗ್ಗ. ಪ್ರತಿಗಳು ಹೆಚ್ಚಿದಂತೆ ಆಫ್‌ಸೆಟ್ ಅನುಕೂಲ. ಮಾರ್ಚ್‌ನಲ್ಲಿ ಪುಸ್ತಕ ಮಕ್ಕಳ ಕೈಸೇರಬೇಕಾದರೆ ಫೆಬ್ರವರಿ ಆರಂಭದಲ್ಲಿ ಕಡತ ಮುದ್ರಣಾಲಯದಲ್ಲಿರಬೇಕು. ಏಳನೆಯ ತರಗತಿಯವರು ಶಾಲೆ ಬಿಟ್ಟ ಮೇಲೆ ಬರುವ ಸಂಚಿಕೆ ಬೀರುವಿನಲ್ಲಿಯೇ ಉಳಿಯುತ್ತದೆ.

ಅಚ್ಚಾದ ಪುಸ್ತಕದ ಪಿಡಿಎಫ್ ಪ್ರತಿಯನ್ನು ಗುಂಪುಗಳಲ್ಲಿ ಹರಿಯಬಿಡುವುದು ಬೇರೆಯೇ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪೋಷಕರ ಸಮ್ಮತಿಯನ್ನು ಅಪೇಕ್ಷಿಸುತ್ತದೆ. ಆದ್ದರಿಂದ ಒಪ್ಪಿಗೆ ಪತ್ರದಲ್ಲಿ ಮುದ್ರಣಕ್ಕೆ ಮತ್ತು ಪಿಡಿಎಫ್‌ಗೆ ಪ್ರತ್ಯೇಕ ಸಹಿ ಪಡೆಯಬೇಕು. ಮಕ್ಕಳ ಮನೆ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಎರಡರಲ್ಲಿಯೂ ಪ್ರಕಟಿಸಬಾರದು. ಪ್ರತಿಯೊಂದು ಮಗುವಿಗೂ ಒಂದೊಂದು ಪ್ರತಿ ಉಚಿತವಾಗಿ ತಲುಪಿದ ಬಳಿಕ ಎರಡು ಪ್ರತಿಗಳನ್ನು ಶಾಲೆಯಲ್ಲಿ ದಾಖಲಾತಿ ಪುಸ್ತಕದೊಂದಿಗೆ, ಎರಡನ್ನು ಗ್ರಾಮ ಪಂಚಾಯತ್‌ನ ಅರಿವು ಕೇಂದ್ರದಲ್ಲಿ ವರ್ಷವಾರು ಜೋಡಿಸಿ ಇರಿಸತಕ್ಕದ್ದು.