ಬೆಂಕಿ ಆರಿಸಲು ಯಾರ ರೊಕ್ಕ?

ಹಿಂಗಾರಿ ಸುಗ್ಗಿ ಮುಗಿಯುವ ಹೊತ್ತಿಗೆ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ ಸೀಮೆಯ ಹಳ್ಳಿಗಳ ಅಂಚಿನಲ್ಲಿ ಬಣವಿಗಳು ಸಾಲುಗಟ್ಟುತ್ತವೆ. ಜೋಳದ ಕಣಿಕಿ, ಕಡಲೆ ಹೊಟ್ಟು, ಗೋಧಿ ಹೊಟ್ಟು: ಮುಂದಿನ ಮಳೆಗಾಲದವರೆಗೆ ಎತ್ತು ಎಮ್ಮೆಗಳನ್ನು ಸಾಕಬೇಕಾದ ಮೇವು ಅದೆಲ್ಲ. ಕುಂದಗೋಳದ ಕಡೆ ಶೇಂಗಾ ಹೊಟ್ಟು, ಕಲಘಟಗಿಯ ಮಲೆನಾಡ ಸೆರಗಿನಲ್ಲಿ ಭತ್ತದ ಹುಲ್ಲು. ಜಾಗ ಸಾಲದೆ ಒಬ್ಬರ ಬಣವಿಗೆ ಇನ್ನೊಬ್ಬರದು ಒತ್ತಿಕೊಂಡೇ ನಿಂತಿರುತ್ತದೆ. ಬಿಸಿಲು ಏರಿದ ಮೇಲೆ ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿದರೆ, ಇಲ್ಲವೇ ಯಾರೋ ಸೇದಿ ಎಸೆದ ಬೀಡಿ ತುಂಡು ಹೊಟ್ಟಿಗೆ ತಗುಲಿದರೆ, ಸುಡುವುದು ಒಂದು ಮನೆಯ ಮೇವಷ್ಟೇ ಆಗಿರುವುದಿಲ್ಲ.

ಬಣವಿ ಬೆಂಕಿ ಆರಿಸುವುದು ಬಲು ತಾಳ್ಮೆಯ ಕೆಲಸ. ಅಗ್ನಿಶಾಮಕ ವಾಹನದ ತೊಟ್ಟಿಯಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು ಹಿಡಿಯುತ್ತದೆ. ಪೂರಾ ಒತ್ತಡದಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಖಾಲಿ. ಅಷ್ಟನ್ನೂ ಸುರಿದರೂ ತೊಯ್ಯುವುದು ಹೊರಮೈ ಮಾತ್ರ. ತುಳಿದು ಒಟ್ಟಿದ ಕಣಿಕಿಯ ನಡುವೆ ಕಾವು ಹಾಗೇ ಉಳಿದು, ಸಂಜೆ ಆರಿತೆಂದುಕೊಂಡದ್ದು ನಸುಕಿಗೆ ಮತ್ತೆ ಹೊಗೆಯಾಡುತ್ತದೆ. ಅದಕ್ಕೇ ಬಣವಿಯನ್ನು ಬಿಚ್ಚಲೇಬೇಕು. ಜೆಸಿಬಿ ಸಿಕ್ಕರೆ ಜೆಸಿಬಿ, ಸಿಗದಿದ್ದರೆ ಉದ್ದ ಕೋಲು, ಸಲಿಕೆ. ಎಳೆದು ಹರವಿ, ಹರವಿದ್ದಕ್ಕೆ ನೀರು ಹೊಡೆದು, ಬೂದಿಯ ಕೆಳಗೆ ಕೆಂಡವಿದೆಯೇ ಎಂದು ಕೆದಕಿ ನೋಡಬೇಕು. ಅಷ್ಟರಲ್ಲಿ ವಾಹನ ಮತ್ತೆ ನೀರು ತುಂಬಿಸಿಕೊಳ್ಳಲು ಕೆರೆಗೋ ಕಾಲುವೆಗೋ ಹೋಗಿಬರಬೇಕು. ಬೇಸಿಗೆಯಲ್ಲಿ ಮಲಪ್ರಭಾ ಕಾಲುವೆಯಲ್ಲಿ ನೀರು ಬಿಟ್ಟಿರಬೇಕೆಂದೇನೂ ಇಲ್ಲ.

ಇಷ್ಟೆಲ್ಲ ನಡೆಯುವುದು ವಾಹನ ಬಂದ ಮೇಲಿನ ಮಾತು. ಠಾಣೆ ಇರುವುದು ಪಟ್ಟಣದಲ್ಲಿ. ಗ್ರಾಮೀಣ ಪ್ರದೇಶದಲ್ಲಿ ಕರೆ ಬಂದ 20 ನಿಮಿಷದೊಳಗೆ ಅಗ್ನಿಶಾಮಕ ದಳ ಸ್ಥಳದಲ್ಲಿರಬೇಕು, 50 ಚದರ ಕಿಲೋಮೀಟರಿಗೆ ಒಂದು ಠಾಣೆ ಬೇಕು ಎಂಬುದು ಕೇಂದ್ರದ ಅಗ್ನಿಶಾಮಕ ಸ್ಥಾಯಿ ಸಲಹಾ ಮಂಡಳಿ ಹಾಕಿಕೊಟ್ಟ ಅಳತೆ. ಧಾರವಾಡ ಜಿಲ್ಲೆಯ ವಿಸ್ತೀರ್ಣ 4,260 ಚದರ ಕಿ.ಮೀ. ಹುಬ್ಬಳ್ಳಿ–ಧಾರವಾಡ ನಗರವನ್ನು ಬಿಟ್ಟು ಲೆಕ್ಕ ಹಾಕಿದರೂ ಹಳ್ಳಿಗಾಡಿಗೇ ಸುಮಾರು 80 ಠಾಣೆಗಳು ಬೇಕಾಗುತ್ತವೆ. ಯಾವ ಸರ್ಕಾರವೂ ಅಷ್ಟನ್ನು ಕಟ್ಟಿಸಲಾರದು. ಕಟ್ಟಿಸಬೇಕೆಂದು ಪಟ್ಟು ಹಿಡಿಯುವುದರಲ್ಲೂ ಅರ್ಥವಿಲ್ಲ. ಆ 20 ನಿಮಿಷ ದಾಟಿದರೆ ಏನು ಮಾಡಬೇಕು ಎಂಬುದಕ್ಕೆ ಊರು ತನ್ನದೇ ಉತ್ತರ ಕಂಡುಕೊಂಡಿದೆ.

ಗುಡಿಯ ಮೈಕಿನಲ್ಲಿ ಕೂಗು ಹಾಕುತ್ತಾರೆ. ಮದುವೆ, ಜಾತ್ರೆಗಳಿಗೆ ನೀರು ಹೊರುವ ಟ್ರ್ಯಾಕ್ಟರ್ ಟ್ಯಾಂಕರ್ ಮೊದಲು ಓಡಿ ಬರುತ್ತದೆ. ಮೆಣಸಿನಗಿಡ, ಹತ್ತಿಗೆ ಔಷಧ ಹೊಡೆಯುವ ಪವರ್ ಸ್ಪ್ರೇಯರ್ ಬೆಂಕಿಗೆ ನೀರು ಹೊಡೆಯುತ್ತದೆ. ಹೆಣ್ಣುಮಕ್ಕಳು ಕೊಡ ಹಿಡಿದು ಸಾಲು ನಿಲ್ಲುತ್ತಾರೆ, ಹುಡುಗರು ಪಕ್ಕದ ಬಣವಿಯ ಮೇಲೆ ಹಸಿ ತಾಡಪತ್ರಿ ಎಳೆಯುತ್ತಾರೆ. ಕೈಗವಸಿಲ್ಲ, ಬೂಟಿಲ್ಲ, ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಅದೇ ರಕ್ಷಾಕವಚ. ಈ ಜನರನ್ನು ಯಾರೂ ಸ್ವಯಂಸೇವಕ ಅಗ್ನಿಶಾಮಕ ದಳವೆಂದು ಕರೆಯುವುದಿಲ್ಲ. ಬೇರೆ ಕೆಲವು ದೇಶಗಳಲ್ಲಿ ಇಂಥವರಿಗೇ ಆ ಹೆಸರು, ಸಮವಸ್ತ್ರ, ಜತೆಗೆ ಸರ್ಕಾರದ ಹಣವೂ ಇದೆ.

ಜರ್ಮನಿಯಲ್ಲಿ ಸುಮಾರು 10 ಲಕ್ಷ ಮಂದಿ ಸ್ವಯಂಸೇವಕ ಅಗ್ನಿಶಾಮಕರಿದ್ದಾರೆ. ಸಂಬಳದ ದಳವಿರುವುದು ನೂರು ಚಿಲ್ಲರೆ ನಗರಗಳಲ್ಲಿ ಮಾತ್ರ. ಚಿಲಿಯಲ್ಲಿ ಅಗ್ನಿಶಾಮಕರೆಂದರೆ ಸ್ವಯಂಸೇವಕರೇ. 1851ರಲ್ಲಿ ವಾಲ್ಪರೈಸೊ ಬಂದರಿನಲ್ಲಿ ಮೊದಲ ದಳ ಹುಟ್ಟಿದಂದಿನಿಂದ ಅಲ್ಲಿ ಈ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವ ರೂಢಿಯಿಲ್ಲ. ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ನೆರೆಹೊರೆಯವರನ್ನು ಸೇರಿಸಿ ಕಟ್ಟಿದ ದಳದ ಸಂಪ್ರದಾಯ ಇಂದಿಗೂ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಆ ದೇಶದ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಸ್ವಯಂಸೇವಕರು.

ಅಮೆರಿಕದ ಈ ದಳಗಳ ಹಣದ ವ್ಯವಸ್ಥೆ ನಮ್ಮವರಿಗೆ ಕುತೂಹಲದ್ದು. ದಳದವರು ಊಟದ ಟಿಕೆಟ್ ಮಾರಿ, ಮನೆ ಮನೆಗೆ ಹೋಗಿ ದೇಣಿಗೆ ಎತ್ತುತ್ತಾರೆ. ನಮ್ಮಲ್ಲಿ ಜಾತ್ರೆಗೆ ಪಟ್ಟಿ ಹಾಕುತ್ತಾರಲ್ಲ, ಹಾಗೆ. ಎತ್ತಿದ ಹಣ ತೋರಿಸಿದರೆ ಸರ್ಕಾರ ಅದಕ್ಕೆ ತನ್ನ ಪಾಲು ಜೋಡಿಸುತ್ತದೆ. ಇದಕ್ಕೆ ಮ್ಯಾಚಿಂಗ್ ಗ್ರ್ಯಾಂಟ್ ಎನ್ನುತ್ತಾರೆ. ಉತ್ತರ ಕರೊಲಿನಾ ರಾಜ್ಯದಲ್ಲಿ ಸ್ವಯಂಸೇವಕ ಅಗ್ನಿಶಾಮಕ ದಳಗಳಿಗೆ ಒಂದು, ರಕ್ಷಣಾ ತಂಡಗಳಿಗೆ ಇನ್ನೊಂದು ನಿಧಿಯಿದೆ. ದಳ ಒಂದು ಡಾಲರ್ ಇಟ್ಟರೆ ರಾಜ್ಯ ಒಂದು ಡಾಲರ್ ಇಡುತ್ತದೆ ಎಂಬುದು ಅಲ್ಲಿನ ಮೂಲ ಲೆಕ್ಕ. ಅಮೆರಿಕದ ಅರಣ್ಯ ಇಲಾಖೆಯ ಯೋಜನೆಯೊಂದು 10,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ದಳಗಳಿಗೆ ಅರ್ಧ ವೆಚ್ಚ ಕೊಡುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ದೊಡ್ಡ ಅನುದಾನದಲ್ಲಿ ಊರು ಚಿಕ್ಕದಾದಷ್ಟೂ ಪಾಲು ಕಡಿಮೆ: 20,000 ಜನಸಂಖ್ಯೆಯೊಳಗಿನ ಊರು ಶೇ 5, ಹತ್ತು ಲಕ್ಷದವರೆಗೆ ಶೇ 10, ಅದಕ್ಕೂ ಮೇಲಿದ್ದರೆ ಶೇ 15. ಬಡ ಊರಿನ ಮೇಲೆ ಸಮಪಾಲಿನ ಹೊರೆ ಹೇರಬಾರದೆಂಬ ತಿಳಿವಳಿಕೆ ಈ ಲೆಕ್ಕದಲ್ಲಿದೆ.

ಭಾರತದಲ್ಲಿ ಮ್ಯಾಚಿಂಗ್ ಗ್ರ್ಯಾಂಟ್ ಇಲ್ಲವೆಂದಲ್ಲ. ಅಗ್ನಿಶಾಮಕ ಸೇವೆಗೂ ಒಂದು ಬಂದಿದೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಷ್ಟ್ರೀಯ ವಿಪತ್ತು ನಿಧಿಯಿಂದ 5,000 ಕೋಟಿ ರೂಪಾಯಿ ತೆಗೆದು, ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದು ಕೇಂದ್ರ ಗೃಹ ಸಚಿವಾಲಯ 2023ರ ಜುಲೈನಲ್ಲಿ ಯೋಜನೆ ಹೊರಡಿಸಿತು. ಯೋಜನಾ ವೆಚ್ಚದ ಶೇ 25 ರಾಜ್ಯದ್ದು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಶೇ 10. ಕೇಂದ್ರ ಮೂರು ರೂಪಾಯಿ ಕೊಡಬೇಕಾದರೆ ಕರ್ನಾಟಕ ಒಂದು ರೂಪಾಯಿ ಹಾಕಬೇಕು. 5,000 ಕೋಟಿಯಲ್ಲಿ 500 ಕೋಟಿಯನ್ನು ಕಾನೂನು, ಮೂಲಸೌಕರ್ಯಗಳ ಸುಧಾರಣೆ ಮಾಡಿದ ರಾಜ್ಯಗಳಿಗೆ ಪ್ರೋತ್ಸಾಹವಾಗಿ ಎತ್ತಿಟ್ಟಿದ್ದರು. ಪ್ರವಾಹ ಬಂದಾಗ ಪರಿಹಾರಕ್ಕೆ ತೆಗೆಯುವ ರಾಜ್ಯ ವಿಪತ್ತು ನಿಧಿಯಲ್ಲೂ ಇದೇ 75:25ರ ಲೆಕ್ಕ.

ಅಂದರೆ ದಿಲ್ಲಿ ಬೆಂಗಳೂರಿನೊಡನೆ ಪಾಲು ಹಂಚಿಕೊಳ್ಳುತ್ತದೆ. ಬೆಂಕಿ ಆರಿಸಲೆಂದು ಹಳ್ಳಿ ಎತ್ತುವ ಪಟ್ಟಿ ಹಣಕ್ಕೆ ಜೋಡಿ ಕೊಡುವ ಖಾತೆ ಮಾತ್ರ ಎಲ್ಲಿಯೂ ಕಾಣದು.

ಕಾರಣ ಹುಡುಕಿದರೆ ಸಂವಿಧಾನದವರೆಗೆ ಹೋಗಬೇಕಾಗುತ್ತದೆ. ಪುರಸಭೆ, ನಗರಸಭೆಗಳ ಕೆಲಸಗಳನ್ನು ಪಟ್ಟಿ ಮಾಡುವ 12ನೇ ಅನುಸೂಚಿಯ 18 ವಿಷಯಗಳಲ್ಲಿ ಏಳನೆಯದು ಅಗ್ನಿಶಾಮಕ ಸೇವೆ. ಪಂಚಾಯಿತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಮೀನುಗಾರಿಕೆ ಇದೆ, ಗ್ರಂಥಾಲಯ ಇದೆ, ಸಂತೆ–ಜಾತ್ರೆಯೂ ಇದೆ. ಬೆಂಕಿ ಇಲ್ಲ. ಪಟ್ಟಣದಲ್ಲಿ ಬಿದ್ದ ಬೆಂಕಿ ಸ್ಥಳೀಯ ಸಂಸ್ಥೆಯ ಹೊಣೆಯಾಗಬಲ್ಲದು, ಹಳ್ಳಿಯದು ಆಗಲಾರದು ಎಂದು ಯಾರು ಯಾಕೆ ತೀರ್ಮಾನಿಸಿದರೋ. ಇದರ ಪರಿಣಾಮ ಬರೀ ಕಾಗದದ ಮೇಲಿನದಲ್ಲ. 2021–26ರ ಅವಧಿಗೆ ಗ್ರಾಮ ಪಂಚಾಯಿತಿಗಳಿಗೆ ಬಂದ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ ಶೇ 40ನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು ನಿಜ, ಆದರೆ ಅದೇ 29 ವಿಷಯಗಳ ಬೇಲಿಯೊಳಗೆ. ಪಂಪು, ಪೈಪು ಕೊಳ್ಳೋಣವೆಂದು ಉತ್ಸಾಹದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರು ಹೊರಟರೆ, ಲೆಕ್ಕಪರಿಶೋಧಕರಿಗೆ ಯಾವ ಶೀರ್ಷಿಕೆ ತೋರಿಸಬೇಕೆಂದು ಮೊದಲು ಯೋಚಿಸಬೇಕು.

ರಾಜ್ಯದ ಕಾನೂನು ಇದಕ್ಕಿಂತ ಉದಾರ. ಕರ್ನಾಟಕದ ಅಗ್ನಿಶಾಮಕ ಪಡೆಯ ಕಾಯ್ದೆ 1964ರದು. ಅಗತ್ಯವೆನಿಸಿದ ಕಡೆ ಸ್ವಯಂಸೇವಕರನ್ನು ನೋಂದಾಯಿಸಿಕೊಂಡು ಸಹಾಯಕ ಪಡೆ ಕಟ್ಟುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿದೆ. ಬಾಗಿಲು ಇಟ್ಟು ಅರವತ್ತು ವರ್ಷ ದಾಟಿತು. ಈ ಸೀಮೆಯ ಊರುಗಳು ಅದನ್ನು ತಟ್ಟಲಿಲ್ಲ, ಒಳಗಿದ್ದವರೂ ತೆರೆಯಲಿಲ್ಲ.

ಸದ್ಯಕ್ಕೆ ತಾಲ್ಲೂಕುಗಳಲ್ಲಿ ಸ್ವಯಂಸೇವೆಯ ಹೆಸರಿನಲ್ಲಿ ಕಾಣುವುದು ಖಾಕಿ ತೊಟ್ಟ ಗೃಹರಕ್ಷಕರು. ಈ ದಳ ಹುಟ್ಟಿದ್ದು 1946ರ ಡಿಸೆಂಬರ್ 6ರಂದು ಮುಂಬೈಯಲ್ಲಿ, ಧಾರವಾಡ ಇನ್ನೂ ಮುಂಬೈ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ. ಅದೇ ಮುಂಬೈಯ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ‘ಫೋರ್ಟ್ ಸ್ಟೈಕಿನ್’ ಹಡಗು ಸ್ಫೋಟಿಸಿ 66 ಅಗ್ನಿಶಾಮಕರು ಸತ್ತರು. ಪ್ರತಿವರ್ಷ ಠಾಣೆಗಳು ಏಪ್ರಿಲ್ 14ರಿಂದ 20ರವರೆಗೆ ಆಚರಿಸುವ ಅಗ್ನಿಶಾಮಕ ಸಪ್ತಾಹ ಅವರ ನೆನಪಿನದು. ಗೃಹರಕ್ಷಕರ ಧ್ಯೇಯವಾಕ್ಯ ನಿಷ್ಕಾಮ ಸೇವೆ. ಕರ್ನಾಟಕದಲ್ಲಿ ಇದಕ್ಕೆ 1962ರ ಕಾಯ್ದೆಯಿದೆ. ದಳ ಕಟ್ಟಿ, ತರಬೇತಿ ಕೊಟ್ಟು, ಸಜ್ಜುಗೊಳಿಸುವ ಖರ್ಚಿನಲ್ಲಿ ಕೇಂದ್ರ ಶೇ 25ನ್ನು ಆಮೇಲೆ ಮರುಪಾವತಿ ಮಾಡುತ್ತದೆ, ಮುಕ್ಕಾಲು ಪಾಲು ರಾಜ್ಯದ್ದು. ಇದೂ ಜೋಡಿ ಹಣವೇ, ತಕ್ಕಡಿ ಮಾತ್ರ ತಿರುವುಮುರುವು. ಆದರೆ ಗೃಹರಕ್ಷಕರು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಂದೋಬಸ್ತು, ಸಂಚಾರ, ಚುನಾವಣೆ ಕೆಲಸದಲ್ಲಿ. ಬಣವಿ ಹತ್ತಿದ ಊರಿಗೆ ಅವರೂ ಪಟ್ಟಣದಿಂದಲೇ ಬರಬೇಕು.

ನೀರಿನ ಸಂಕಟ ಇನ್ನೊಂದು ಬಗೆಯದು. ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು ಮಲಪ್ರಭೆಯನ್ನು ಸೇರುತ್ತದೆ. ದಾರಿಯಲ್ಲಿ ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳ ಜತೆಗೂಡುತ್ತದೆ. ವರ್ಷದ ಬಹುಕಾಲ ಎಮ್ಮೆ ದಾಟುವಷ್ಟೇ ನೀರು. ಮೇಲೆಲ್ಲೋ ಜೋರು ಮಳೆಯಾದರೆ ಮಾತ್ರ ಕೆಲವೇ ತಾಸಿನಲ್ಲಿ ದಂಡೆ ಮೀರುತ್ತದೆ. ಹೊಲಕ್ಕೆ ಹೋದವರು ಆಚೆ ದಂಡೆಯಲ್ಲೇ ಉಳಿಯುತ್ತಾರೆ, ಸೇತುವೆ ಮುಳುಗುತ್ತದೆ, ಎರೆಮಣ್ಣಿನ ದಾರಿಯಲ್ಲಿ ಭಾರದ ವಾಹನ ಹೂತು ನಿಲ್ಲುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಈ ಸೀಮೆ ಕಂಡದ್ದು ಇದನ್ನೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಇಂಥ ಹೊತ್ತಿಗೆ ಬೇಕಾದುದು ಹಗ್ಗ, ಜೀವರಕ್ಷಕ ಜಾಕೆಟ್, ಒಂದೆರಡು ಟ್ಯೂಬು, ಈಜು ಬಲ್ಲವರು. ಕೊನೆಯದೊಂದು ಊರಲ್ಲೇ ಇರುತ್ತದೆ.

ಈ ಅಂತರ ತುಂಬಲೆಂದೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ‘ಆಪದಾ ಮಿತ್ರ’ ಯೋಜನೆ ತಂದಿತು. 2016ರಲ್ಲಿ 25 ರಾಜ್ಯಗಳ 30 ಪ್ರವಾಹಪೀಡಿತ ಜಿಲ್ಲೆಗಳಲ್ಲಿ, ಜಿಲ್ಲೆಗೆ 200 ಜನರಂತೆ 6,000 ಸ್ವಯಂಸೇವಕರೊಡನೆ ಶುರುವಾಗಿ, ನಂತರ 350 ಜಿಲ್ಲೆ, ಒಂದು ಲಕ್ಷ ಸ್ವಯಂಸೇವಕರು, 369.41 ಕೋಟಿ ರೂಪಾಯಿಯವರೆಗೆ ಬೆಳೆಯಿತು. ಹನ್ನೆರಡು ದಿನದ ತರಬೇತಿ, ವಿಮೆ, ಜತೆಗೊಂದು ಚೀಲ. ಚೀಲದಲ್ಲಿ ಜೀವರಕ್ಷಕ ಜಾಕೆಟ್, ಟಾರ್ಚು, ಹಗ್ಗ, ಹೆಲ್ಮೆಟ್, ಗಮ್ ಬೂಟು, ಸೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಒಳ್ಳೆಯ ಯೋಜನೆ. ಆದರೆ ಇದರ ಘಟಕ ಜಿಲ್ಲೆ, ಚೀಲ ವ್ಯಕ್ತಿಯದು. ಆ ವ್ಯಕ್ತಿ ಕೆಲಸ ಹುಡುಕಿ ಬೆಂಗಳೂರಿಗೋ ಗೋವಾಕ್ಕೋ ಹೋದರೆ ಊರಿನ ಬಳಿ ಉಳಿಯುವುದು ಏನೂ ಇಲ್ಲ. ಪೂರ್ತಿ ಸರ್ಕಾರಿ ಹಣದ ಈ ಸಾಮಾನಿನಲ್ಲಿ ಊರಿನ ಒಂದು ರೂಪಾಯಿಯೂ ಇಲ್ಲದ್ದರಿಂದ ಕೇಳುವ ಹಕ್ಕೂ ಊರಿಗೆ ಇರುವುದಿಲ್ಲ.

ಕಾಸರಗೋಡಿನ ಕನ್ನಡಿಗರು ಇದಕ್ಕಿಂತ ಬೇರೆ ಮಾದರಿಯನ್ನು ಹತ್ತಿರದಿಂದ ಕಾಣಬಲ್ಲರು. 2018ರ ಮಹಾಪ್ರವಾಹದ ಪಾಠದಿಂದ ಕೇರಳ ಸರ್ಕಾರ ಮರುವರ್ಷ ತನ್ನ ಅಗ್ನಿಶಾಮಕ ಇಲಾಖೆಯ ಕೆಳಗೇ ನಾಗರಿಕ ರಕ್ಷಣಾ ಪಡೆಗೆ ಮಂಜೂರಾತಿ ಕೊಟ್ಟಿತು: 124 ಠಾಣೆ, ಠಾಣೆಗೆ 50 ಜನ, ಒಟ್ಟು 6,200. ಮಂಜೇಶ್ವರದ ಕನ್ನಡ ನೆಲದ ಉಪ್ಪಳ ಠಾಣೆಯೂ ಈ ವ್ಯವಸ್ಥೆಯ ಒಳಗಿದೆ. ಸ್ವಯಂಸೇವಕ ಜಿಲ್ಲಾಧಿಕಾರಿ ಕಚೇರಿಯ ಯಾವುದೋ ಕಡತಕ್ಕೆ ಸೇರದೆ ತನ್ನ ಹತ್ತಿರದ ಠಾಣೆಗೆ ಸೇರುತ್ತಾನೆ. ವಾಹನದ ಚಾಲಕನಿಗೆ ಅವನ ಮುಖ ಗೊತ್ತು, ಅವನಿಗೆ ಮೆದುಗೊಳವೆ ಜೋಡಿಸುವುದು ಗೊತ್ತು. ಕುಂದಗೋಳ, ಕಲಘಟಗಿಗೆ ಹೊಂದುವ ಅಳತೆ ಇದೇ ಇರಬೇಕು.

ಉಳಿದದ್ದು ಹಣ. ಊರು ತನ್ನ ಪಾಲು ಹಾಕೀತೇ ಎಂದು ಅನುಮಾನಿಸುವವರು ನೀರಿನ ಯೋಜನೆಗಳನ್ನು ನೋಡಬೇಕು. ವಿಶ್ವಬ್ಯಾಂಕ್ ನೆರವಿನಲ್ಲಿ ಉತ್ತರ ಕರ್ನಾಟಕದ 11 ಜಿಲ್ಲೆಗಳಲ್ಲಿ ನಡೆದ ‘ಜಲ ನಿರ್ಮಲ’ ಯೋಜನೆಗೆ ಧಾರವಾಡವೂ ಸೇರಿತ್ತು. ಅದರಲ್ಲಿ ಊರಿನ ವಂತಿಗೆಯ ನಿಯಮವಿತ್ತು. ಈಗಿನ ಜಲಜೀವನ ಮಿಷನ್ನಿನಲ್ಲೂ ಊರೊಳಗಿನ ಕಾಮಗಾರಿಗೆ ಸಮುದಾಯದ ಪಾಲು ಶೇ 10, ಗುಡ್ಡಗಾಡು ಮತ್ತು ಪರಿಶಿಷ್ಟರು ಹೆಚ್ಚಿರುವ ಊರುಗಳಲ್ಲಿ ಶೇ 5. ನಗದಾಗಿ, ಸಾಮಗ್ರಿಯಾಗಿ ಅಥವಾ ದುಡಿಮೆಯಾಗಿ ಕೊಡಬಹುದು. ನಲ್ಲಿ ನೀರಿಗೆ ಒಪ್ಪುವ ಈ ಲೆಕ್ಕ ಬೆಂಕಿ ನೀರಿಗೆ ಯಾಕೆ ಒಪ್ಪಬಾರದು? ಗುಡಿ ಕಟ್ಟಲು, ತೇರು ಮಾಡಿಸಲು ಈ ಸೀಮೆಯ ಊರುಗಳು ಎತ್ತುವ ಪಟ್ಟಿ ಕಂಡವರಿಗೆ ಶೇ 10 ದೊಡ್ಡ ಮಾತೆನಿಸದು.

ಕೊಳ್ಳಬೇಕಾದ ಸಾಮಾನೂ ದೊಡ್ಡದೇನಲ್ಲ. ಊರಲ್ಲಿ ಈಗಾಗಲೇ ಇರುವ ಟ್ಯಾಂಕರಿಗೆ ಹೊಂದುವ ಪೋರ್ಟಬಲ್ ಪಂಪು, ನೂರಿನ್ನೂರು ಮೀಟರ್ ಮೆದುಗೊಳವೆ, ಠಾಣೆಯ ವಾಹನಕ್ಕೂ ಕೂಡುವ ಕಪ್ಲಿಂಗ್, ಕೈಗವಸು, ಬೂಟು, ಹಗ್ಗ, ಜಾಕೆಟ್. ಕಪ್ಲಿಂಗ್ ಮಾತು ಚಿಕ್ಕದೆನಿಸಬಹುದು; ಅಳತೆ ತಪ್ಪಿದರೆ ಊರಿನ ಟ್ಯಾಂಕರ್ ತುಂಬಿ ನಿಂತಿದ್ದರೂ ಅಗ್ನಿಶಾಮಕ ವಾಹನಕ್ಕೆ ಆ ನೀರು ದಾಟುವುದಿಲ್ಲ. ಆದ್ದರಿಂದ ಖರೀದಿಗೆ ಮೊದಲು ಠಾಣಾಧಿಕಾರಿಯ ಒಪ್ಪಿಗೆ ಬೇಕೆಂಬ ಷರತ್ತು ಅನುದಾನದಲ್ಲೇ ಇರಬೇಕು.

ತೊಡಕು ಬರುವುದು ಎರಡನೆಯ ವರ್ಷಕ್ಕೆ. ಪಂಪನ್ನು ತಿಂಗಳಿಗೊಮ್ಮೆ ಚಾಲೂ ಮಾಡದಿದ್ದರೆ ಬೇಕಾದಾಗ ಹೊತ್ತುವುದಿಲ್ಲ. ಮೆದುಗೊಳವೆಯನ್ನು ಒಣಗಿಸಿ ಸುತ್ತಿಡದಿದ್ದರೆ ಕೊಳೆಯುತ್ತದೆ, ಗೋದಾಮಿನಲ್ಲಿ ಇಟ್ಟರೆ ಇಲಿ ಕಡಿಯುತ್ತದೆ. ಬೀಗದ ಕೈ ಯಾರ ಬಳಿ ಇರಬೇಕು, ಗ್ರಾಮ ಪಂಚಾಯಿತಿಯಲ್ಲೋ ಯುವಕ ಮಂಡಳದಲ್ಲೋ ಎಂಬುದು ಚುನಾವಣೆ ಕಂಡ ಊರಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಅದಕ್ಕೇ ಜೋಡಿ ಹಣದ ಒಂದು ಪಾಲನ್ನು ಕೊಳ್ಳಲು ಬಳಸದೆ ಮೂರು ವರ್ಷದ ನಿರ್ವಹಣೆಗೆಂದೇ ಎತ್ತಿಡುವುದು, ಎರಡನೆಯ ಕಂತನ್ನು ಅಗ್ನಿಶಾಮಕ ಸಪ್ತಾಹದಲ್ಲಿ ಪಂಪು ಚಾಲೂ ಮಾಡಿ ತೋರಿಸಿದ ಊರಿಗೆ ಮಾತ್ರ ಬಿಡುವುದು ಒಳ್ಳೆಯದು. ಏಪ್ರಿಲ್ ಮಧ್ಯಕ್ಕೆ ಬರುವ ಆ ಸಪ್ತಾಹವನ್ನು ಇಲ್ಲಿಯ ಮಟ್ಟಿಗೆ ಜನವರಿಗೆ ತಂದರೆ ಇನ್ನೂ ಒಳ್ಳೆಯದು. ಏಪ್ರಿಲ್‌ ಹೊತ್ತಿಗೆ ಅರ್ಧ ಬೇಸಿಗೆ ಕಳೆದಿರುತ್ತದೆ.